ಸಂಜೆಯ ತಟ್ಟೆ ತುಂಬಿಯೇ ಇತ್ತು

ಕಾಗವಾಡದಲ್ಲಿ ಈ ಸಂಗತಿಯನ್ನು ಹೇಳುವವರು ಹೀಗೆ ಹೇಳುತ್ತಾರೆ: “ಚಿಕ್ಕೋಡಿಯಿಂದ ಒಬ್ಬಾಕಿ ಮೇಡಂ ಬಂದ್ಲು, ಮುದುಕಿ ನೇಮಾ ಬಿಡಿಸಿದ್ಲು, ಹೊತ್ತ ಮುಳಗಿದ ಮ್ಯಾಲೆ ಕೂಸಿಗಿ ಉಣಿಸಿದ್ಲು, ಕೂಸು ತಲಿ ಬಡಕೊಳ್ಳೂದ ಬಿಡ್ತು.” ಆ ಮೇಡಂ ನಾನೇ. ಈ ಕಥೆಯನ್ನು ನಾನು ಒಪ್ಪುವುದಿಲ್ಲ. ಮುದುಕಿ ನೇಮ ಬಿಟ್ಟಿಲ್ಲ. ಕೂಸು ಉಂಡಿಲ್ಲ. ತಲೆ ಬಡಿದುಕೊಳ್ಳುವುದು ನಿಂತದ್ದು ನಿಜ, ಆದರೆ ಅಲ್ಲಿಗೆ ಎಲ್ಲವೂ ಮುಗಿಯಿತೆಂದು ಹೇಳಿದವರಾರು?

ಹೋದ ವರ್ಷ ಒಣದ್ರಾಕ್ಷಿ ಹಂಗಾಮಿನಲ್ಲಿ ನಾನು ಅಪ್ಲೈಡ್ ಬಿಹೇವಿಯರ್ ಅನಾಲಿಸಿಸ್ ತರಬೇತಿಯಲ್ಲಿದ್ದೆ. ಮನುಷ್ಯರ ವರ್ತನೆಯನ್ನು ಅದರ ಹಿಂದುಮುಂದಿನ ಸಂದರ್ಭದೊಂದಿಗೆ ಗಮನಿಸಿ, ಅದರಿಂದ ಅವರಿಗೆ ಏನು ದೊರೆಯುತ್ತಿದೆ ಎಂದು ಹುಡುಕುವ ವಿದ್ಯೆ ಇದು. ಹೀಗೆ ದೊರೆಯುವುದನ್ನು ನಾವು ‘ಫಂಕ್ಷನ್’ ಎನ್ನುತ್ತೇವೆ. ಪಾಠವೆಲ್ಲ ಆನ್‌ಲೈನ್. ಮೇಲ್ವಿಚಾರಕಿ ಬೆಂಗಳೂರಿನಲ್ಲಿದ್ದರು, ನನಗೆ ಫೋನಿನ ಪರದೆಯ ಮೇಲೆ ಮಾತ್ರ ಪರಿಚಯ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯಿಲ್ಲದೆ ಒಂದು ದಿನವೂ ಇದ್ದವಳಲ್ಲ ನಾನು. ಕಾಗವಾಡದ ಬಾಡಿಗೆ ಕೋಣೆಯಲ್ಲಿ ವಾದಕ್ಕಿರಲಿ, ಚಹಾ ಕುಡಿಯೋಣ ಬಾ ಎನ್ನುವುದಕ್ಕೂ ಯಾರೂ ಇರಲಿಲ್ಲ.

ಪ್ರಾಯೋಗಿಕ ಕೆಲಸಕ್ಕೆ ಸಿಕ್ಕದ್ದು ಒಂದು ಜೈನ ರೈತ ಕುಟುಂಬ. ಏಳು ವರ್ಷದ ಪ್ರಾಚಿಗೆ ಆಟಿಸಂ ಇತ್ತು, ಮಾತು ಬಂದಿರಲಿಲ್ಲ. ಹಗಲೆಲ್ಲ ಸುಮ್ಮನಿರುವ ಹುಡುಗಿ ಹೊತ್ತು ಮುಳುಗುತ್ತಲೇ ಅಡುಗೆಮನೆಯ ಮುಚ್ಚಿದ ಬಾಗಿಲಿಗೆ ಹಣೆ ಬಡಿದುಕೊಳ್ಳುತ್ತಿದ್ದಳು. ಹಣೆಯ ಗಾಯ ಮಾಯುವ ಮೊದಲೇ ಮತ್ತೆ ಬಿಚ್ಚಿಕೊಳ್ಳುತ್ತಿತ್ತು. ಬೇಸಿಗೆ ಮುಗಿಯುವುದರೊಳಗೆ ಇದು ನಿಲ್ಲದಿದ್ದರೆ ಅವಳನ್ನು ದೂರದ ವಸತಿಶಾಲೆಗೆ ಬಿಡುವುದೆಂದು ಮನೆಯವರು ತೀರ್ಮಾನಿಸಿದ್ದರು.

ಕಾರಣ ಎಲ್ಲರಿಗೂ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದರು. ಪ್ರಾಚಿಯ ಅಜ್ಜಿ ರಾಜಮತಿ ಆಯಿ ಸೂರ್ಯಾಸ್ತದ ನಂತರ ಹನಿ ನೀರನ್ನೂ ಮುಟ್ಟುವವರಲ್ಲ, ಅದು ಅವರ ಜೈನ ನೇಮ. ಹೊತ್ತಿರುವಾಗಲೇ ಮನೆಯವರದೆಲ್ಲ ಊಟವಾಗಿ ಒಲೆ ಆರಬೇಕು, ಅಡುಗೆಮನೆ ಮುಚ್ಚಬೇಕು. ತಾಯಿ ಸುನೀತಾ ಅದನ್ನೇ ಬೆರಳು ಮಾಡಿ ತೋರಿಸಿದರು: “ಕೂಸಿಗಿ ಮತ್ತ ಹಸಿವಾಕ್ಕೈತ್ರಿ, ಬಾಯಿ ಬಿಟ್ಟ ಕೇಳಾಕ ಬರಂಗಿಲ್ಲ.” ನನ್ನ ಮೇಲ್ವಿಚಾರಕಿಯೂ ತಲೆಯಾಡಿಸಿದರು. ನಾನು ವಾದಕ್ಕೆ ಸಜ್ಜಾಗಿಯೇ ಆಯಿಯ ಎದುರು ಕೂತೆ. ಆಯಿ ನನಗೆ ಬಾಯಿ ತೆರೆಯಲೂ ಬಿಡಲಿಲ್ಲ.

“ಸೊಸಿ ಊರ ತುಂಬಾ ಹೇಳ್ಯಾಳ, ನನ್ನ ನೇಮದ ಸಲವಾಗಿ ಕೂಸು ಉಪಾಸ ಬೀಳ್ತೈತಿ ಅಂತ. ನೇಮಾ ನಂದವಾ. ಕೂಸಿಗಿ ಯಾರ ಬ್ಯಾಡ ಅಂದಾರ? ಕೊಡ್ರಿ, ಬೇಕಾದ್ರ ನನ್ನ ಪಾಲಿಂದೂ ಕೊಡ್ರಿ.”

ಮರುದಿನ ಸಂಜೆ ಪಡಸಾಲೆಯಲ್ಲಿ ಪ್ರಾಚಿಯ ಮುಂದೆ ಜೋಳದ ಭಕ್ಕರಿ, ಬೆಲ್ಲ, ತುಪ್ಪ ಇಟ್ಟೆವು. ಏನಾಗುವುದೋ ನೋಡಲು ಇಡೀ ಮನೆ ಸುತ್ತ ಕೂತಿತು. ತಂದೆ ಪೇಟೆಯಿಂದ ಬೇಗ ಬಂದಿದ್ದರು, ಸುನೀತಾ ದ್ರಾಕ್ಷಿ ಒಣಗಿಸುವ ಶೆಡ್ಡಿಗೆ ಹೋಗಿರಲಿಲ್ಲ. ಕತ್ತಲಾಯಿತು. ಹುಡುಗಿ ಬಾಗಿಲ ಕಡೆ ಹೋಗಲೇ ಇಲ್ಲ. ಊರು ಹೇಳುವ ಕಥೆ ಹುಟ್ಟಿದ್ದು ಆ ಸಂಜೆ. ತಟ್ಟೆಯತ್ತ ಯಾರೂ ನೋಡಲಿಲ್ಲ. ಅದು ತುಂಬಿಯೇ ಇತ್ತು.

“ವರ್ತನೆ ನಿಂತಿತು ತಾನೆ? ಊಟವೇ ಕಾರಣ,” ಎಂದರು ಮೇಲ್ವಿಚಾರಕಿ ಫೋನಿನಲ್ಲಿ.

“ತಿನ್ನದ ಊಟ ಹಸಿವನ್ನು ಹೇಗೆ ಕಳೆಯುತ್ತೆ ಮೇಡಂ?”

ಅವರು, “ಸರಿ, ವಾದ ಬೇಡ. ಎರಡನ್ನೂ ಬೇರೆಬೇರೆಯಾಗಿ ಪರೀಕ್ಷಿಸಿ. ಬಾಗಿಲಿಗೆ ಮೆತ್ತೆ ಕಟ್ಟಿ, ನೀವು ಅವಳಿಗೆ ಕಾಣದಂತೆ ಪಕ್ಕದಲ್ಲೇ ಇರಿ,” ಎಂದರು. ಅದು ನ್ಯಾಯವಾದ ಮಾತು.

ಬಾಗಿಲಿಗೆ ಗಾದಿ ಕಟ್ಟಿದೆವು. ಒಂದು ಸಂಜೆ ತಟ್ಟೆ ಇಟ್ಟು, ಎಲ್ಲರೂ ಎಂದಿನಂತೆ ತಮ್ಮ ತಮ್ಮ ಕೆಲಸಕ್ಕೆ ಹೋದರು. ಪ್ರಾಚಿ ತಟ್ಟೆ ದಾಟಿ ಬಾಗಿಲಿಗೆ ಹೋದಳು. ಹಣೆ ಗಾದಿಗೆ ತಗಲುವ ಮೊದಲೇ ಮರೆಯಲ್ಲಿದ್ದ ನಾನು ಕೈ ಅಡ್ಡ ಇಟ್ಟೆ. ಇನ್ನೊಂದು ಸಂಜೆ ತಟ್ಟೆ ಇಡಲಿಲ್ಲ. ಆಯಿ ದಿನವೂ ಆ ಹೊತ್ತಿಗೆ ಮಾಳಿಗೆಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಸಾಮಾಯಿಕಕ್ಕೆ, ಅಂದರೆ ಮೌನದ ಧ್ಯಾನಕ್ಕೆ ಕೂಡುತ್ತಿದ್ದರು. ಅಂದು ಪಡಸಾಲೆಯಲ್ಲೇ ಕೂಡಿರೆಂದು ಕೇಳಿಕೊಂಡೆ. ಆಯಿ ಕಣ್ಣು ಮುಚ್ಚಿ ಕೂತರು. ಪ್ರಾಚಿ ಬಾಗಿಲನ್ನೊಮ್ಮೆ ನೋಡಿ, ಹೋಗಿ ಅಜ್ಜಿಯ ಬೆನ್ನಿಗೆ ಬೆನ್ನು ಹಚ್ಚಿ ಕೂತಳು. ಧ್ಯಾನ ಮುಗಿಯುವವರೆಗೂ ಇಬ್ಬರೂ ಅಲುಗಲಿಲ್ಲ.

ಆ ಮನೆಯಲ್ಲಿ ಸಂಜೆ ಎಂದರೆ ಊಟದ ಗಡುವು. ಹೀಗಾಗಿ ಸಂಜೆಯ ಬಡಿತವೂ ಅವರಿಗೆ ಊಟದ ಕೂಗಾಗಿ ಕೇಳಿಸಿತ್ತು. ಹಗಲೆಲ್ಲ ಜನ ಇರುತ್ತಿದ್ದುದು ಅಡುಗೆಮನೆಯಲ್ಲಿ. ಅದರ ಬಾಗಿಲು ಮುಚ್ಚುತ್ತಲೇ ಆಯಿ ಮಾಳಿಗೆಗೆ, ಸುನೀತಾ ಶೆಡ್ಡಿಗೆ, ತಂದೆ ಪೇಟೆಗೆ. ಹಣೆ ಬಡಿದರೆ ಮಾತ್ರ ಹತ್ತಿರದಲ್ಲಿದ್ದವರು ಓಡಿಬರುತ್ತಿದ್ದರು.

“ಫಂಕ್ಷನ್: ಗಮನ ಸೆಳೆಯುವುದು ಅಂತ ಬರೀರಿ,” ಎಂದರು ಮೇಲ್ವಿಚಾರಕಿ.

“ಅವಳಿಗೆ ಬೇಕಾದದ್ದು ಗಮನ ಅಲ್ಲ ಮೇಡಂ. ಆಯಿ ಅವಳನ್ನ ಕಣ್ಣು ಬಿಟ್ಟು ನೋಡಲೂ ಇಲ್ಲ. ಅದು ಒಂಟಿತನ.”

“ಒಂಟಿತನವನ್ನ ನೀವು ನೋಡಿದ್ರಾ? ಯಾವ ಆಕಾರ? ನೋಡಿದ್ದನ್ನ ಮಾತ್ರ ಬರೀರಿ.”

ಪುರಾವೆ ಕೇಳಿ ಎದುರಾಳಿಯನ್ನು ಕೂರಿಸುವುದು ನನ್ನದೇ ವರಸೆ. ‘ಇನ್ನೊಬ್ಬರ ಸಾಮೀಪ್ಯ’ ಎಂದು ಬರೆದೆ. ಅದಕ್ಕೆ ಅವರೂ ಒಪ್ಪಿದರು.

ಕಾರಣ ಗೊತ್ತಾದ ಮೇಲೆ ಹಣೆಯ ಬದಲು ಕೇಳಿಕೊಳ್ಳುವ ಇನ್ನೊಂದು ದಾರಿ ಕಲಿಸಬೇಕು. ಯಾರ ಹತ್ತಿರ ಕೂಡಬೇಕೋ ಅವರ ಮುಂದೆ ಮರದ ಮಣೆ ತಂದಿಡುವುದನ್ನು ಪ್ರಾಚಿಗೆ ಕಲಿಸಿದೆ. ಮೊದಮೊದಲು ಅವಳ ಕೈ ಹಿಡಿದು, ಆಮೇಲೆ ದೂರ ನಿಂತು. ಈಗ ಪಡಸಾಲೆಯಲ್ಲೇ ಧ್ಯಾನಕ್ಕೆ ಕೂಡುತ್ತಿದ್ದ ಆಯಿ ಮಣೆ ಕಂಡಾಗಲೆಲ್ಲ ಜಾಗ ಕೊಟ್ಟರು. “ಧ್ಯಾನ ಕೆಡೂದಿಲ್ಲೇನ್ರಿ ಆಯಿ?” ಎಂದರೆ, “ಬೆನ್ನ ಬೆಚ್ಚಗ ಇರ್ತೈತಿ. ದೇವರಿಗೂ ಮಾಳಿಗಿ ಮೆಟ್ಲಾ ಹತ್ತೂದ ತಪ್ಪಿತು,” ಎಂದು ನಕ್ಕರು. ಗಾಯ ಮಾಯಿತು. ವಸತಿಶಾಲೆಯ ಮಾತು ನಿಂತಿತು.

ಒಂದು ಸಂಜೆ ಪ್ರಾಚಿ ಮಣೆಯನ್ನು ತಾಯಿಯ ಮುಂದೆ ತಂದಿಟ್ಟಳು. ಸುನೀತಾ ಶೆಡ್ಡಿಗೆ ಹೊರಟು ನಿಂತಿದ್ದರು. ಮಿರಜ ಅವರ ತವರು, ಮಕ್ಕಳೊಂದಿಗೆ ಮರಾಠಿಯೇ ಬಾಯಿಗೆ ಬರುತ್ತಿತ್ತು. “ಆತ್ತಾ ನಕೋ, ಬಾಳಾ,” ಎಂದು, ಅಂದರೆ ಈಗ ಬೇಡ ಮಗಾ ಎಂದು, ಕೆನ್ನೆ ಸವರಿ ಹೋದರು. ಪ್ರಾಚಿ ಬಾಗಿಲ ಕಡೆ ನೋಡಲಿಲ್ಲ. ಮಣೆ ಎತ್ತಿಕೊಂಡು ಅದರ ಜಾಗದಲ್ಲಿಟ್ಟಳು.

“ಅದ್ಭುತ! ನಿರಾಕರಣೆಯನ್ನ ಸಹಿಸಿಕೊಂಡಳು,” ಎಂದರು ಮೇಲ್ವಿಚಾರಕಿ. ನಮ್ಮ ಪಾಠದಲ್ಲಿ ಅದೊಂದು ಮೆಟ್ಟಿಲು, ತಪ್ಪಲ್ಲ. ಆದರೂ ಆ ದಿನ ಕೋಣೆಗೆ ಹೋಗಲು ಮನಸ್ಸಾಗದೆ ನಾನು ಸುನೀತಾ ಅವರ ಹಿಂದೆಯೇ ಶೆಡ್ಡಿಗೆ ಹೋದೆ. ಹೆಣ್ಣಾಳುಗಳ ನಗು, ಮಾತು ತುಂಬಿತ್ತು. ಬಲೆಯ ಮೇಲಿನ ದ್ರಾಕ್ಷಿ ಹರವುತ್ತ ಸುನೀತಾ ತಾವಾಗಿಯೇ ಹೇಳಿದರು: “ನಮ್ಮ ತವರಮನ್ಯಾಗ ಸಂಜಿ ಆತಂದ್ರ ಎಲ್ಲಾರೂ ಹೊರಗ ಕುಂದರ್ತಿದ್ವಿ ಮೇಡಮ್ಮಾರ. ಆ ಮನ್ಯಾಗ ಈ ಹೊತ್ತು ನನಗೂ ಆಗಿ ಬರಂಗಿಲ್ಲ. ಇಲ್ಲಿ ನಾಕ ಮಂದಿ ಮಾತಾಡ್ತಾರ.”

ಬಡಿಯುವ ಸದ್ದು ನಿಂತರೆ ಕೆಲಸ ಮುಗಿಯಿತೆಂದು ನಾವು ಬರೆದುಕೊಳ್ಳುತ್ತೇವೆ. ಬೇಡುವುದನ್ನು ಕಲಿಸಿದವರು ಕೊಡುವವರು ಯಾರೆಂದೂ ಕೇಳಬೇಕು. ಈ ವೃತ್ತಿ ನನಗೆ ಕಲಿಸಿದ್ದು ಅಷ್ಟು.

ಕಡೆಯ ದಿನ ಸುನೀತಾ ಅಂಗಳದವರೆಗೆ ಬಂದರು. “ಭಾಳ ಉಪಕಾರ ಆತ್ರಿ. ಈಗ ಅಕಿ ಸುಮ್ನ ಇರ್ತಾಳ,” ಎಂದರು. ನಾನು ಒಂದು ಪ್ರಶ್ನೆ ಕೇಳಿದೆ. ಅವರು ತಲೆಗೆ ಕಟ್ಟಿಕೊಳ್ಳುತ್ತಿದ್ದ ಬಟ್ಟೆಯ ಗಂಟನ್ನು ಬಿಚ್ಚಿ, ಮತ್ತೆ ಕಟ್ಟಿ, ಶೆಡ್ಡಿನ ಕಡೆ ನೋಡುತ್ತ ನಿಂತರು. ಆಮೇಲೆ ನನ್ನ ಬಸ್ಸು ಬಂತು. ನಾನು ಕೇಳಿದ್ದು ಇಷ್ಟೇ: “ಅಕ್ಕಾರ, ಇನ್ನೊಮ್ಮೆ ಅಕಿ ಮಣಿ ತಂದು ನಿಮ್ಮ ಮುಂದ ಇಟ್ರ, ಕುಂದರ್ತೀರೇನ್ರಿ?”