ಎಡಕ್ಕೆ ವಾಲಿದ ಗೆರೆಗಳು

ಲಿಫ್ಟಿಗೆ ಕಾಲಿಡುವುದಕ್ಕೂ ಮಾಸ್ಕ್ ಬೇಕಾಗಿದ್ದ ದಿನಗಳು ಅವು. ಜಪಾನಿನ ಫುನಾಬೊರಿಯ ನಮ್ಮ ಮನೆಯೆದುರಿನ ಪಾರ್ಕಿನಲ್ಲಿ ಜಾರುಬಂಡೆಗೆ ಹಳದಿ ಟೇಪು ಸುತ್ತಿದ್ದರು. ಶಾಲೆ ಮುಚ್ಚಿತ್ತು. ಕಾವಾಸಾಕಿಯ ಆಫೀಸಿಗೆ ಹೋಗುತ್ತಿದ್ದ ಅಪ್ಪ ಈಗ ಊಟದ ಮೇಜಿನ ಒಂದು ತುದಿ ಹಿಡಿದಿದ್ದರು, ಇನ್ನೊಂದು ತುದಿ ನನ್ನದು. ನನಗಾಗ ಒಂಬತ್ತು ವರ್ಷ.

ಅಪ್ಪನಿಗೆ ಹಳೆಯ ಬ್ರಿಟಿಷ್ ನಗೆ ಕಾಮಿಕ್ಸ್‌ಗಳ ಹುಚ್ಚು. ಮೇಷ್ಟರ ಕುರ್ಚಿಗೆ ಅಂಟು ಹಚ್ಚಿ ಕೊನೆಗೆ ಒದೆ ತಿನ್ನುವ ಹುಡುಗರ ಕಥೆಗಳು. ಇಂಗ್ಲೆಂಡಿನಿಂದ ಅಂಚೆಯಲ್ಲಿ ಬಂದ ಕಟ್ಟುಗಳನ್ನು ಅಮ್ಮ ಬಾಲ್ಕನಿಯ ಬಿಸಿಲಿಗಿಟ್ಟು ಆಮೇಲಷ್ಟೇ ಒಳಗೆ ಬಿಡುತ್ತಿದ್ದಳು. ಬಿಚ್ಚಿದರೆ ಹಳೇ ಕಾಗದದ ಮುಗ್ಗಲು ವಾಸನೆ, ಜೊತೆಗೆ ಸ್ಯಾನಿಟೈಸರಿನ ಘಾಟು. ಆ ಕಾಲದ ಚಿತ್ರಕಾರರು ಹೆಸರು ಹಾಕುವಂತಿರಲಿಲ್ಲವಂತೆ. ಮೂಗು, ಬೂಟು, ಮೊಣಕಾಲು ನೋಡಿ ಯಾವ ಚಿತ್ರ ಯಾರದ್ದೆಂದು ಪತ್ತೆಹಚ್ಚುವುದೇ ಅಪ್ಪನ ಸಂಶೋಧನೆ. ಒಂದು ತುಂಟ ನಾಯಿಯ ಕಥೆಗೆ ಚಿತ್ರ ಬರೆದವರು ಮಾತ್ರ ಸಿಕ್ಕಿರಲಿಲ್ಲ.

ನನ್ನ ತುದಿಯಲ್ಲಿ ಬೇರೆ ಕೆಲಸ ನಡೆದಿತ್ತು. ನಾನು ಎಡಚಿ. ಎಡಗೈಯಲ್ಲಿ ಉಪ್ಪಿಟ್ಟು ತಿನ್ನುವುದನ್ನು ವಿಡಿಯೋ ಕಾಲಿನಲ್ಲಿ ನೋಡಿ ಮೈಸೂರಿನ ಅಜ್ಜಿ ದಿನವೂ ನೊಂದುಕೊಳ್ಳುತ್ತಿದ್ದರು. ಶಾಲೆ ತೆರೆದ ಮೇಲೆ ಕುಂಚದ ಬರವಣಿಗೆ ಬೇರೆ ಇತ್ತು, ಅದನ್ನು ಎಲ್ಲರೂ ಬಲಗೈಯಲ್ಲೇ ಬರೆಯುವುದು. ರಜೆಯಲ್ಲೇ ತಿದ್ದಿಬಿಡೋಣ ಎಂದು ಅಮ್ಮ ನಿಶ್ಚಯಿಸಿದಳು. ಬಲಗೈಯ ಚಾಪ್‌ಸ್ಟಿಕ್ಕಿನಿಂದ ಒಂದು ಬಟ್ಟಲಿನ ಕಡಲೆಕಾಳನ್ನು ಇನ್ನೊಂದಕ್ಕೆ ಸಾಗಿಸುವುದು ನನ್ನ ಪಾಠ. ಕಾಳುಗಳು ಜಾರಿ ಅಪ್ಪನ ಲ್ಯಾಪ್‌ಟಾಪಿನ ಕೆಳಗೆ ಉರುಳುತ್ತಿದ್ದವು, ನನಗೆ ಅಳು ಬರುತ್ತಿತ್ತು. ಅಮ್ಮ ಅಡುಗೆಮನೆಗೆ ಹೋದಾಗಲೆಲ್ಲ ಪೆನ್ನನ್ನು ಎಡಗೈಗೆ ದಾಟಿಸಿ ಅಪ್ಪನ ನಾಯಿಯನ್ನು ನಕಲು ಮಾಡುತ್ತಿದ್ದೆ. ದಿನದಲ್ಲಿ ಅದೊಂದೇ ನನ್ನ ಸುಖ.

ಹಾಗೆ ಬರೆಯುವಾಗಲೇ ಕಂಡದ್ದು. ಅಪ್ಪ ತೋರಿಸಿದ್ದ ಬೇರೆಲ್ಲ ಚಿತ್ರಗಳಲ್ಲಿ ನೆರಳಿನ ಗೆರೆಗಳು ಬಲಕ್ಕೆ ವಾಲಿದ್ದವು. ಈ ನಾಯಿಯ ಹೊಟ್ಟೆಯ ಕೆಳಗಿನವು ನನ್ನ ಗೆರೆಗಳ ಹಾಗೆ ಎಡಕ್ಕೆ.

"ಅಪ್ಪ, ದಿಸ್ ಪರ್ಸನ್ ಲೆಫ್ಟ್‌ಹ್ಯಾಂಡ್. ನನ್ ತರಾನೇ," ಎಂದೆ.

ಅಪ್ಪ ಸುಮಿಮಾಸೆನ್ ಎಂದು ಮೀಟಿಂಗಿನವರ ಕ್ಷಮೆ ಕೇಳಿ ಕ್ಯಾಮೆರಾ ಆರಿಸಿ, ಭೂತಗನ್ನಡಿ ಹಿಡಿದು ಸಂಚಿಕೆಗಳನ್ನೆಲ್ಲ ತಿರುವಿಹಾಕಿದರು. ಆಮೇಲೆ ಕಾಮಿಕ್ಸ್ ಸಂಗ್ರಾಹಕರ ಆನ್‌ಲೈನ್ ಗುಂಪಿಗೆ ಬರೆದರು. ನಾವು ಊಹಿಸಿದವರು ಯಾರೂ ಅಲ್ಲ, ಇದು ಎಡಗೈಯ ಕೆಲಸ, ಈ ಗೆರೆಯ ಸೊಗಸು ಆ ಕೈಗೇ ಬರಬೇಕು ಎಂದೆಲ್ಲ. ಬರೆದದ್ದನ್ನು ನಮಗೂ ಓದಿ ಹೇಳಿದರು. ಅಷ್ಟರಲ್ಲಿ ಅಮ್ಮ ತಟ್ಟೆ ತಂದಿಟ್ಟಳು. ನಾನು ಎಡಗೈ ಚಾಚಿದೆ.

"ಬಲಗೈ ಪುಟ್ಟಿ," ಎಂದರು ಅಪ್ಪ, ಪರದೆಯಿಂದ ಕಣ್ಣು ತೆಗೆಯದೆ.

ಶಾಲೆ ತೆರೆಯುವ ಹೊತ್ತಿಗೆ ಕಡಲೆಕಾಳು ಬೀಳುವುದು ನಿಂತಿತ್ತು. ಅಜ್ಜಿಗೆ ಸಮಾಧಾನವಾಯಿತು. ಚಿತ್ರ ಬರೆಯಬೇಡ ಎಂದು ಯಾರೂ ಹೇಳಲಿಲ್ಲ, ಬಲಗೈಗೆ ಅದು ಬರಲಿಲ್ಲ ಅಷ್ಟೆ.

ಕಳೆದ ತಿಂಗಳು ಅಪ್ಪ ಕಾಮಿಕ್ಸ್ ಪೆಟ್ಟಿಗೆಗಳನ್ನು ವಿಂಗಡಿಸುತ್ತಿದ್ದಾಗ ಪುಟಗಳ ನಡುವೆ ಒಂದು ಹಾಳೆ ಸಿಕ್ಕಿತು. ನಾನು ಆಗ ಬರೆದಿದ್ದ ನಾಯಿ. ಅವರಿಗೆ ಗುರುತು ಹತ್ತಲಿಲ್ಲ.

"ಇದ್ರ ಹಳೇ ಓನರ್, ಇಂಗ್ಲೆಂಡಲ್ಲಿ ಯಾವ್ದೋ ಮಗು ಬರ್ದಿರ್ಬೇಕು ನೋಡು. ಎಡಗೈ. ಎಷ್ಟ್ ಚೆನ್ನಾಗಿದೆ. ಮುಂದುವರಿಸ್ತೋ ಇಲ್ವೋ ಪಾಪ," ಎಂದರು.

ಇರಬಹುದು ಎಂದೆ. ಅವರು ಅದನ್ನು ಪ್ಲಾಸ್ಟಿಕ್ ಹೊದಿಕೆಗೆ ಸೇರಿಸಿ ಜೋಪಾನವಾಗಿ ಎತ್ತಿಟ್ಟರು. ಅವರು ಆಚೆ ಹೋದ ಮೇಲೆ ಪೆನ್ನನ್ನು ಎಡಗೈಗೆ ದಾಟಿಸಿ, ಬೇರೊಂದು ಹಾಳೆಯಲ್ಲಿ ಅದೇ ನಾಯಿ ಬರೆದು ಹೊಟ್ಟೆಗೆ ನೆರಳು ಹಾಕಿ ನೋಡಿದೆ. ಗೆರೆಗಳು ನಡುಗಿದವು, ಯಾವ ಕಡೆಗೂ ವಾಲಲಿಲ್ಲ.