ಏಳನೇ ನಂಬರಿನ ಆಲ್‌ರೌಂಡರ್

ಒಂದೇ ಮ್ಯಾಚ್ ನೋಡಿ ಒಬ್ಬ ಹುಡುಗನನ್ನು ಆರಿಸಿಕೊಂಡು ಬಾ ಅಂತ ನಮ್ಮ ಕಬಡ್ಡಿ ಅಕಾಡೆಮಿಯವರು ನನ್ನನ್ನು ತುಮಕೂರಿನಿಂದ ಕಡಬದ ಹೈಸ್ಕೂಲಿಗೆ ಕಳಿಸಿದ್ದರು. ಪಳಗಿದ ಕಣ್ಣಿಗೆ ಒಂದು ಮ್ಯಾಚ್ ಧಾರಾಳ ಸಾಕು ಅನ್ನೋದು ಅವರ ಸಿದ್ಧಾಂತ. ಹೆಣ್ಣು ನೋಡೋಕೆ ಹೋದವರು ಉಪ್ಪಿಟ್ಟು, ಕೇಸರಿಬಾತ್ ಮುಗಿಯೋದರೊಳಗೆ ಇಡೀ ಜೀವನವನ್ನೇ ತೀರ್ಮಾನ ಮಾಡಿಬಿಡಲ್ವಾ, ಹಾಗೆ.

ಶಾಲೆಯವರು ನನಗೆ ಶಾಲು ಹೊದಿಸಿ, ಆಟ ಸರಿಯಾಗಿ ಕಾಣದಷ್ಟು ದೂರದ ವೇದಿಕೆಯಲ್ಲಿ ಗೌರವವಾಗಿ ಕೂರಿಸಿ, ಕೈಗೆ ಎಳನೀರು ಕೊಟ್ಟರು. ಅಲ್ಲಿಂದ ಕಂಡದ್ದು ಕೆಂಪು ಧೂಳು ಮತ್ತು ಬೆನ್ನ ಮೇಲಿನ ನಂಬರುಗಳು. ಆದರೂ ಏಳನೇ ನಂಬರಿನವನು ನನ್ನ ಪಳಗಿದ ಕಣ್ಣಿಗೆ ಬಿದ್ದೇಬಿಟ್ಟ. ಫಸ್ಟ್ ಹಾಫಲ್ಲಿ ರೈಡ್ ಮಾಡಿ ಮಾಡಿ ಪಾಯಿಂಟ್ ತಂದವನು, ಸೆಕೆಂಡ್ ಹಾಫಲ್ಲಿ ಒಂದಿಷ್ಟೂ ಸುಸ್ತಿಲ್ಲದೆ ಎದುರಾಳಿಗಳ ಕಾಲು ಹಿಡಿದು ಕೆಡವುತ್ತಿದ್ದ. ತಕ್ಷಣ ಅಕಾಡೆಮಿಯ ಸಾಹೇಬರಿಗೆ ಫೋನ್ ಮಾಡಿ, "ಸಿಕ್ಕಿದ ಸಾರ್, ಆಲ್‌ರೌಂಡರ್!" ಅಂದೆ.

ಮ್ಯಾಚ್ ಮುಗಿದ ಮೇಲೆ ಆ ಏಳನೇ ನಂಬರಿನವನನ್ನು ಕರೆಸಿ ಅಂತ ಪಿ.ಟಿ. ಮೇಷ್ಟ್ರಿಗೆ ಹೇಳಿದೆ. ಇಬ್ಬರು ಬಂದು ನಿಂತರು.

"ಇವರಲ್ಲಿ ಯಾರು?"

"ಇಬ್ರೂನೂ ಸಾರ್. ನಮ್ಮತ್ರ ಇರೋದೇ ಏಳು ಜೆರ್ಸಿ. ಹೊರಗ್ ಬಂದವ್ನು ಬಿಚ್ಚಿ, ಒಳಗ್ ಹೋಗೋನ್ಗೆ ಕೊಡ್ತಾನೆ."

ಅಕಾಡೆಮಿಯಲ್ಲಿ ಇದ್ದದ್ದು ಒಂದೇ ಸೀಟು. ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು.

"ಯಾರ್ನಾದ್ರೂ ಕರ್ಕೊಂಡೋಗಿ ಸಾರ್, ಜೆರ್ಸಿ ಮಾತ್ರ ಬುಟ್ಟೋಗಿ," ಅಂದರು ಮೇಷ್ಟ್ರು. "ನಾಳೆ ಕುಣಿಗಲ್‌ನಲ್ಲಿ ಮ್ಯಾಚ್ ಐತೆ."

ನನ್ನ ಆಯ್ಕೆಯಲ್ಲಿ ತಪ್ಪೇನಿರಲಿಲ್ಲ ಬಿಡಿ. ಆ ಜೆರ್ಸಿ ನಿಜಕ್ಕೂ ಆಲ್‌ರೌಂಡರ್.