ಕೋಟೆಯ ಮೇಲೆ ಒಣಗಿದ ಹಪ್ಪಳ

ಮೊನ್ನೆ ಭಾನುವಾರ ಮಧ್ಯಾಹ್ನ ಅಡುಗೆಮನೆಯಿಂದ ಹಲಸಿನ ಹಪ್ಪಳ ಕರಿಯುವ ಪರಿಮಳ ಬಂತು. ಪುತ್ತೂರಿನ ಅಂಗಡಿಯಿಂದ ನಾನೇ ತಂದ ಪ್ಯಾಕೆಟ್ಟು. ಒಂದನ್ನು ಮುರಿದು ಬಾಯಿಗೆ ಹಾಕಿ, ಕಣ್ಣು ಮುಚ್ಚಿ, ತಲೆ ಅಲ್ಲಾಡಿಸಿದೆ.

"ಎಂತ, ಉಪ್ಪು ಕಡಿಮೆಯಾ?" ಎಂದಳು ಹೆಂಡತಿ.

"ಉಪ್ಪು ಸರಿ ಉಂಟು ಮಾರಾಯ್ತಿ. ಕೋಟೆ ಕಡಿಮೆ."

ಅವಳು ಸುಳ್ಯದ ಕಡೆಯವಳು. ಅರ್ಥವಾಗದ ಮಾತಿನ ಹಿಂದೆ ಹೋಗಿ ಒಲೆಯ ಮೇಲಿನ ಎಣ್ಣೆಯನ್ನು ಮರೆಯುವವಳಲ್ಲ. "ಅದಿರ್ಲಿ. ಮಳೆಗಾಲಕ್ಕೆ ಮೊದಲು ಒಮ್ಮೆ ಸಮುದ್ರದ ಕಡೆ ಹೋಗಿ ಬರುವ ಅಂತ ಕೇಳಿದ್ದೆನಲ್ಲ, ಅದು ಎಂತಾಯ್ತು?" ಎಂದಳು. ಹೋಗುವ, ಹೋಗಲೇಬೇಕು, ಆದರೆ ಮೊಣಕಾಲು ನೋವು, ರಸ್ತೆ ಬೇರೆ ಅಗೆದು ಹಾಕಿದ್ದಾರೆ, ಮುಂದಿನ ತಿಂಗಳು ನೋಡುವ ಎಂದೆ. ಅವಳು ಹಪ್ಪಳವನ್ನು ಎಣ್ಣೆಯಲ್ಲಿ ಸ್ವಲ್ಪ ಜೋರಾಗಿಯೇ ಮಗುಚಿದಳು.

ಹಪ್ಪಳಕ್ಕೂ ಕೋಟೆಗೂ ಏನು ಸಂಬಂಧ ಎಂದು ನಿಮಗೂ ಅನಿಸಿರಬೇಕು. ಕುಳಿತುಕೊಳ್ಳಿ, ಬಟ್ಟಲಿನಲ್ಲಿ ಇನ್ನೂ ನಾಲ್ಕು ಉಳಿದಿವೆ.

ಎಪ್ಪತ್ತರ ದಶಕದ ಕೊನೆಯ ದಿನಗಳು. ನಾನು ಆಗಷ್ಟೇ ಕಾಲೇಜಿನಲ್ಲಿ ಚರಿತ್ರೆ ಓದಿ ಮುಗಿಸಿದ್ದೆ. ಎರಡು ಕಲ್ಲು ಒಂದರ ಮೇಲೊಂದು ಕಂಡರೆ ಸಾಕು, ನಿಂತು ಭಾಷಣ ಬಿಗಿಯುತ್ತಿದ್ದೆ. ಪೆರಾಬೆಯ ನಮ್ಮ ಮನೆಯಲ್ಲಿ ಅದನ್ನು ಕೊನೆಯವರೆಗೆ ಕೇಳುತ್ತಿದ್ದವರು ದೊಡ್ಡಮ್ಮ ಒಬ್ಬರೇ. ಕೇಳುತ್ತಿದ್ದರು ಎನ್ನುವುದು ನನ್ನ ನಂಬಿಕೆ. ಅಷ್ಟು ಹೊತ್ತು ಅವರು ಹಲಸಿನ ಸೊಳೆ ಬಿಡಿಸುತ್ತಿದ್ದರು, ಎದ್ದು ಹೋಗಲು ಅವರಿಗೆ ದಾರಿಯಿರಲಿಲ್ಲ.

ಈ ದೊಡ್ಡಮ್ಮನ ತಂಗಿಯನ್ನು ಕಾಸರಗೋಡಿನಿಂದ ತೆಂಕಿಗೆ, ಸಮುದ್ರದ ಬದಿಯ ಒಂದು ಹಳ್ಳಿಗೆ ಕೊಟ್ಟಿದ್ದರು. ಹಳ್ಳಿಯ ಹೆಸರು ಹೇಳುವುದಿಲ್ಲ. ಅಲ್ಲಿ ನಾವು ಮಾಡಿದ್ದು ಕಾನೂನಿಗೆ ಸರಿಯೋ ಅಲ್ಲವೋ ಎಂಬ ಸಂಶಯ ನನಗೆ ಈಗಲೂ ಇದೆ. ಆ ಹಳ್ಳಿಯ ಸುತ್ತ ಎರಡು ಮೂರು ಮೈಲಿಯೊಳಗೆ ಒಂದು ದೊಡ್ಡ ಕೋಟೆ, ಅರ್ಧ ಕುಸಿದ ಒಂದು ಸಣ್ಣ ಕೋಟೆ, ಗೋಡೆ ಮಾತ್ರ ಉಳಿದ ಒಂದು ಅರಮನೆ. ತಂಗಿಯ ಮದುವೆಯಾಗಿ ಹನ್ನೊಂದು ವರ್ಷವಾದರೂ ದೊಡ್ಡಮ್ಮ ಒಮ್ಮೆಯೂ ಆ ಕಡೆ ಹೋದದ್ದಿಲ್ಲ. ತಡೆದವರು ಅಜ್ಜಿ, ಅಂದರೆ ದೊಡ್ಡಮ್ಮನ ಅತ್ತೆ. ತಡೆದರು ಎಂದರೂ ತಪ್ಪಾದೀತು. ಅಜ್ಜಿ ಬೇಡ ಎಂದವರೇ ಅಲ್ಲ. "ಹೋಗು, ನಾನು ಬೇಡ ಹೇಳಿದೆನಾ?" ಎನ್ನುವರು; ಆಮೇಲೆ ಒಂದು "ಆದ್ರೆ" ಬರುವುದು. ಮಳೆಗಾಲದಲ್ಲಿ ಹೊಳೆ ತುಂಬಿರುತ್ತಿತ್ತು. ಮಳೆ ಬಿಟ್ಟರೆ ಅಡಿಕೆ ಕೊಯ್ಲು. ಕೊಯ್ಲು ಮುಗಿದರೆ ಹಪ್ಪಳ. ವರ್ಷದಲ್ಲಿ ಇರುವುದೇ ಹನ್ನೆರಡು ತಿಂಗಳು.

ಆ ವರ್ಷ ನಾನು ಜಂಬದಲ್ಲಿ, ಕೋಟೆ ತೋರಿಸಿಯೇ ತೋರಿಸುತ್ತೇನೆ ಎಂದು ಅದ್ರಾಮಾಕನ ಬಾಡಿಗೆ ಜೀಪಿಗೆ ಹೇಳಿಬಿಟ್ಟೆ. ಹಿಂದಿನ ದಿನ ಮೋಡ ಕವಿದು, ಒತ್ತಿಟ್ಟ ಹಪ್ಪಳಕ್ಕೆ ಒಂದೇ ಬಿಸಿಲು ಸಿಕ್ಕಿತ್ತು. ಬೆಳಗ್ಗೆ ಜೀಪು ಬಂದು ನಿಂತಾಗ ಅಜ್ಜಿ ಹಪ್ಪಳದ ಚಾಪೆಯ ಬಳಿ ಕುಳಿತಿದ್ದರು.

"ಹೋಗು, ನಾನು ಬೇಡ ಹೇಳಿದೆನಾ? ಆದ್ರೆ ಇದಕ್ಕೆ ಇನ್ನೊಂದು ಬಿಸಿಲು ಬೇಕು. ನನಗೆ ಕಣ್ಣು ಕಾಣುದಿಲ್ಲ, ಕಾಗೆ ಓಡಿಸ್ಲಿಕ್ಕೆ ಆಗುದಿಲ್ಲ."

ಅಜ್ಜಿಗೆ ಕಣ್ಣು ಕಾಣದಿದ್ದದ್ದು ಹಪ್ಪಳದ ವಿಷಯದಲ್ಲಿ ಮಾತ್ರ. ಗೇಟಿನಾಚೆ ಹೋಗುವವರ ಸೀರೆಯ ಅಂಚು ಯಾವ ಬಣ್ಣದ್ದೆಂದು ಜಗಲಿಯಲ್ಲೇ ಕುಳಿತು ಹೇಳುತ್ತಿದ್ದರು.

ದೊಡ್ಡಮ್ಮ ಜೀಪು ನೋಡಿದರು, ಚಾಪೆ ನೋಡಿದರು, ಆಕಾಶ ನೋಡಿದರು. "ಬಿಸಿಲು ಅಲ್ಲಿಯೂ ಉಂಟಲ್ಲ ಅತ್ತೆ?"

ಅಜ್ಜಿ ಒಂದು ಹಪ್ಪಳ ಎತ್ತಿ, ಮಗುಚಿ, ಅಲ್ಲೇ ಇಟ್ಟರು. ಆಮೇಲೆ ಹೇಳಿದರು: "ಕೊಂಡೋಗು. ಬೂಸ್ಟು ಹಿಡಿಸಿಕೊಂಡು ಬಂದ್ರೆ ಮಾತ್ರ ಇನ್ನು ಹೋಗುವ ಸುದ್ದಿ ಎತ್ತಬಾರ್ದು."

ಹೀಗೆ ನಾವು ಹಪ್ಪಳದ ಬುಟ್ಟಿ ಮತ್ತು ಮೂರು ಚಾಪೆಗಳೊಂದಿಗೆ ಹೊರಟೆವು. "ಕೋಟೆಗಾ ಅಕ್ಕ, ಸಂತೆಗಾ?" ಎಂದು ಅದ್ರಾಮಾಕ ನಕ್ಕ. ಆದರೂ ಹೊಂಡ ಬಂದಲ್ಲೆಲ್ಲ, ಒಳಗೆ ಬಾಣಂತಿ ಇದ್ದಾಳೋ ಎಂಬಂತೆ ಜೀಪು ನಡೆಸಿದ.

ತಂಗಿಯ ಮನೆಯ ಅಂಗಳದ ತುಂಬ ತೆಂಗಿನ ನೆರಳು. ನೆರಳು ಇಲ್ಲದಲ್ಲಿ ಬರೀ ಮರಳು. ದೊಡ್ಡಮ್ಮ ಕಾಫಿಗೂ ಕೂರಲಿಲ್ಲ. "ನಿನ್ನ ಕೋಟೆಯಲ್ಲಿ ಬಿಸಿಲು ಬೀಳ್ತದಾ?" ಎಂದು ನನ್ನನ್ನು ಕೇಳಿದರು. ಮೂರು ವರ್ಷ ಓದಿದ ಚರಿತ್ರೆಯಲ್ಲಿ ಈ ಪ್ರಶ್ನೆ ಬಂದಿರಲಿಲ್ಲ.

ತಂಗಿಯನ್ನೂ ಕರೆದುಕೊಂಡು ದೊಡ್ಡ ಕೋಟೆಗೆ ಹೋದೆವು. ಬಾಗಿಲಲ್ಲೇ ನಾನು, ಶತ್ರುಗಳ ಆನೆ ನುಗ್ಗದಂತೆ ದಾರಿಯನ್ನು ಹೀಗೆ ತಿರುಗಿಸಿದ್ದಾರೆ ಎಂದು ಶುರುಮಾಡಿದೆ. ತಿರುಗಿ ನೋಡಿದರೆ ಇಬ್ಬರೂ ಇಲ್ಲ. ಗೋಡೆಯ ಮೇಲಿನ ಅಗಲವಾದ ಕಟ್ಟೆಯಲ್ಲಿ ದೊಡ್ಡಮ್ಮ ಅಂಗೈಯಿಂದ ಕಲ್ಲನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದರು, ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ.

"ಕಾದಿದೆ," ಎಂದರು. "ನೀರು ಹೋಗ್ಲಿಕ್ಕೆ ಓರೆಯೂ ಉಂಟು. ಕಟ್ಟಿಸಿದವನ ಹೆಂಡತಿ ಬುದ್ಧಿವಂತೆ."

"ದೊಡ್ಡಮ್ಮ, ಇದು ಫಿರಂಗಿ ಇಡುವ ಜಾಗ."

"ಇರ್ಬಹುದು ಮಾರಾಯ. ದಿನಾ ಯುದ್ಧ ಆಗ್ತಿತ್ತಾ? ಉಳಿದ ದಿನ ಮೆಣಸು ಹಾಕಿರ್ತಾರೆ."

ಚಾಪೆ ಹಾಸಿಯಾಯಿತು. ಮೂಲೆಗೆ ಭಾರ ಬೇಕೆಂದು ಅವರು ಎತ್ತಿಟ್ಟ ಉರುಟು ಕಲ್ಲು ಫಿರಂಗಿಯ ಗುಂಡಿರಬಹುದೆಂದು ನನಗೆ ಬಲವಾದ ಅನುಮಾನ ಬಂತು, ಹೇಳುವ ಧೈರ್ಯ ಬರಲಿಲ್ಲ. ನನ್ನ ಕೈಗೆ ಒಂದು ಕೊಡೆ ಬಂತು. ಇನ್ನೂರು ವರ್ಷಗಳಿಂದ ಯಾರೂ ಮುತ್ತಿಗೆ ಹಾಕದ ಆ ಕೋಟೆಗೆ ಅಂದು ನಾಲ್ಕು ದಿಕ್ಕಿನಿಂದಲೂ ಕಾಗೆಗಳು ಬಂದವು. ನಾನು ಕೊಡೆ ಬೀಸುತ್ತ ಆ ಬುರುಜಿನಿಂದ ಈ ಬುರುಜಿಗೆ ಓಡಿದೆ. ಶಾಲಾ ಮಕ್ಕಳನ್ನು ಕರೆದುಕೊಂಡು ಬಂದ ಮಾಸ್ಟರೊಬ್ಬರು ದೂರದಲ್ಲೇ ನಿಂತು, "ಆ ಕಡೆ ಹೋಗ್ಬೇಡಿ ಮಕ್ಕಳೇ, ಅವರಿಗೆ ಹುಷಾರಿಲ್ಲ" ಎಂದದ್ದು ಗಾಳಿಯಲ್ಲಿ ಸ್ಪಷ್ಟವಾಗಿ ಕೇಳಿತು.

ಗಂಟೆ ಹನ್ನೆರಡಾಗಿರಬೇಕು, ಕಾವಲುಗಾರ ಬಂದ. ತಲೆಯಲ್ಲಿ ಸರ್ಕಾರದ ಟೊಪ್ಪಿ, ಮೈಯಲ್ಲಿ ಬರೀ ಬನಿಯನ್ನು.

"ತೆಗೀರಿ, ತೆಗೀರಿ! ಇದು ಸರ್ಕಾರದ ಜಾಗ. ಇಲ್ಲಿ ಎಂತದೂ ಒಣಗಿಸ್ಲಿಕ್ಕೆ ಇಲ್ಲ."

ಹಪ್ಪಳ ಇನ್ನೂ ಅರ್ಧ ಮಾತ್ರ ಒಣಗಿತ್ತು, ಬಗ್ಗಿಸಿದರೆ ಬಾಗುತ್ತಿತ್ತು. ಈಗ ಮಡಚಿದರೆ ಬುಟ್ಟಿಯೊಳಗೆ ಬೆವರುತ್ತದೆ; ಊರು ತಲಪುವಾಗ ಬೂಸ್ಟಿನ ವಾಸನೆ, ಬಾಗಿಲಲ್ಲಿ ಅಜ್ಜಿ. ತಂಗಿಯ ಮುಖ ಸಣ್ಣದಾಯಿತು. ದೊಡ್ಡಮ್ಮ ಮಾತ್ರ ಅವನನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು:

"ನಿಮ್ಮ ಕಾಕಿ ಅಂಗಿ ಎಲ್ಲುಂಟು?"

ಅವನು ತನಗರಿವಿಲ್ಲದೆ ತಿರುಗಿದ. ನಾವೂ ತಿರುಗಿದೆವು. ಎದುರಿನ ಬುರುಜಿನ ಮೇಲೆ, ಎರಡು ಕಲ್ಲುಗಳ ನಡುವೆ ಕೈ ಚಾಚಿಕೊಂಡು, ಕಾಕಿ ಅಂಗಿ ಬಿಸಿಲು ಕಾಯಿಸುತ್ತಿತ್ತು.

"ಸರ್ಕಾರದ ಅಂಗಿ ಒಣಗ್ಬಹುದು, ಬಡವರ ಹಪ್ಪಳ ಒಣಗ್ಲಿಕ್ಕಿಲ್ಲ, ಅಲ್ವಾ?"

ಅವನು ಟೊಪ್ಪಿ ತೆಗೆದು ತಲೆ ಕೆರೆದುಕೊಂಡ. ಆಮೇಲೆ ತಗ್ಗಿದ ದನಿಯಲ್ಲಿ, "ಹಾಗಲ್ಲ ಅಮ್ಮ. ಎರಡು ಗಂಟೆ ನಂತ್ರ ಇಲ್ಲಿ ನೆರಳು ಬರ್ತದೆ. ಆ ಪಡುಬದಿಗೆ ಹಾಕಿ. ನನ್ನ ಹೆಂಡತಿ ಮೆಣಸು ಅಲ್ಲಿಯೇ ಹಾಕುದು" ಎಂದ.

ದೊಡ್ಡಮ್ಮ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ಚರಿತ್ರೆಯಲ್ಲಿ ಅಷ್ಟು ಹೀನಾಯವಾಗಿ ನಾನು ಬೇರೆಲ್ಲೂ ಸೋತಿಲ್ಲ.

ಪಡುಬದಿಗೆ ಹೋದಾಗಲೇ ಅವರು ಸಮುದ್ರವನ್ನು ನೋಡಿದ್ದು. ಅಲ್ಲಿಯವರೆಗೆ ಹಪ್ಪಳದ ಗಡಿಬಿಡಿಯಲ್ಲಿ ಅದಕ್ಕೆ ಬೆನ್ನು ಹಾಕಿಯೇ ಇದ್ದರು. "ಅಬ್ಬ," ಎಂದರು, "ಇದಕ್ಕೆ ಆಚೆಬದಿಯೇ ಇಲ್ವಾ?" ಅಕ್ಕತಂಗಿಯರಿಬ್ಬರೂ ಗೋಡೆಯ ಮೇಲೆ ಕಾಲು ಇಳಿಬಿಟ್ಟು ಕುಳಿತು, ಹನ್ನೊಂದು ವರ್ಷದ ಮಾತನ್ನು ಮೂರು ಗಂಟೆಯಲ್ಲಿ ಮುಗಿಸಲು ನೋಡಿದರು. ನಾನು ಕಾಗೆ ಓಡಿಸಿದೆ. ನಡುವೆ ಒಂದು ಹಪ್ಪಳ ಗಾಳಿಗೆ ಎದ್ದು, ತೇಲುತ್ತ ಸಮುದ್ರದ ಕಡೆ ಹೋಯಿತು. ಕೂಗಿ ಹೇಳಿದೆ, ಇಬ್ಬರಿಗೂ ಕೇಳಲಿಲ್ಲ, ಅಷ್ಟು ನಗುತ್ತಿದ್ದರು.

ಮನೆ ತಲಪಿದಾಗ ಅಜ್ಜಿ ಜಗಲಿಯಲ್ಲೇ ಇದ್ದರು. ಬುಟ್ಟಿಯಿಂದ ಒಂದು ಹಪ್ಪಳ ತೆಗೆದು ಮುರಿದರು. ಟಕ್ ಎಂದಿತು. ಮೂಸಿದರು. ಕರಿಯಲು ಹೇಳಿದರು. ಕಣ್ಣು ಮುಚ್ಚಿ ಜಗಿಯುತ್ತ ಕುಳಿತರು. ದೊಡ್ಡಮ್ಮ ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತ ನಿಂತಿದ್ದರು.

"ಉಪ್ಪು ಹೆಚ್ಚಾಗಿದೆ," ಎಂದರು ಅಜ್ಜಿ.

ಅಜ್ಜಿ ಕೈ ಚಾಚಿ ಎರಡನೆಯದನ್ನು ತೆಗೆದುಕೊಂಡರು, ಅದನ್ನೂ ಮುಗಿಸಿದರು.

"ಅಲ್ಲಿಯ ಗಾಳಿಯಲ್ಲೇ ಉಪ್ಪು ಉಂಟು ಕಾಣ್ತದೆ. ಬರುವ ವರ್ಷ ಹಿಟ್ಟಿಗೆ ಸ್ವಲ್ಪ ಕಡಿಮೆ ಹಾಕು."

ಅಷ್ಟೇ. ಮುಂದೆ ಎಂಟು ಬೇಸಿಗೆ, ಅಜ್ಜಿ ಇರುವವರೆಗೂ, ಅವರು ಹೋದ ಮೇಲೂ, ದೊಡ್ಡಮ್ಮ ಹಪ್ಪಳ ಹೊತ್ತುಕೊಂಡು ತಂಗಿಯ ಊರಿಗೆ ಹೋದರು. ಸಣ್ಣ ಕೋಟೆಯಲ್ಲಿ ಇರುವೆ ಜಾಸ್ತಿ, ಅರಮನೆಯಲ್ಲಿ ಗಾಳಿ ಸಾಲದು, ಸಂಡಿಗೆಗಾದರೆ ಅಡ್ಡಿಯಿಲ್ಲ ಎಂಬುದು ಅವರ ಸಂಶೋಧನೆ. ನನ್ನ ಭಾಷಣಗಳಲ್ಲಿ ಒಂದೂ ನನಗೀಗ ನೆನಪಿಲ್ಲ, ಇದು ನೆನಪಿದೆ.

ಇಷ್ಟನ್ನು ಹೆಂಡತಿಗೂ ಹೇಳಿದೆ. ಅವಳು ನಗಲಿಲ್ಲ. "ನಿಮ್ಮ ಅಜ್ಜಿ 'ಆದ್ರೆ' ಹೇಳುವಾಗ ಮುಖ ಹೇಗೆ ಮಾಡ್ತಿದ್ರು?" ಎಂದಳು. ತೋರಿಸಲು ಹೊರಟೆ. ಅವಳು ನನ್ನನ್ನೇ ನೋಡುತ್ತಿದ್ದಳು. ಮೊಣಕಾಲು, ರಸ್ತೆ, ಮುಂದಿನ ತಿಂಗಳು ಎಲ್ಲ ಒಟ್ಟಿಗೆ ನೆನಪಾಗಿ ನನ್ನ ಮುಖ ಅರ್ಧಕ್ಕೇ ನಿಂತಿತು.

ಇದನ್ನು ಬರೆಯುವಾಗ ಅಡುಗೆಮನೆಯಲ್ಲಿ ಹಲಸಿನ ಸೊಳೆ ಬೇಯುತ್ತಿದೆ. ಹಲಸಿನಕಾಯಿ ತಂದವನು ನಾನು, ಈ ಮೊಣಕಾಲಿನಲ್ಲೇ.

"ಉಪ್ಪು ಎಷ್ಟು ಹಾಕುದು?" ಎಂದು ಒಳಗಿನಿಂದ ಕೇಳುತ್ತಿದ್ದಾಳೆ.

"ಸ್ವಲ್ಪ ಕಡಿಮೆ ಹಾಕು," ಎಂದೆ.